ಕುರಿ ಹಿಂದೆ ಹೋದ ಖಾತೆಗಳು

ಗಡಹಿಂಗ್ಲಜ ಶಾಖೆಯನ್ನು ಉಳಿಸಿಕೊಳ್ಳುವುದೋ, ಮುಚ್ಚಿ ಅದರ ವ್ಯವಹಾರವನ್ನೆಲ್ಲ ಕೊಲ್ಹಾಪುರಕ್ಕೆ ಸೇರಿಸಿಬಿಡುವುದೋ ಎಂಬುದು ಮೇ ತಿಂಗಳ ಸಭೆಯಲ್ಲಿ ತೀರ್ಮಾನವಾಗುತ್ತದೆ ಎಂದು ಮುಖ್ಯ ಕಚೇರಿಯಿಂದ ಫೋನು ಬಂದಾಗ, ಮ್ಯಾನೇಜರ್ ಶೀತಲ ‘ಆಯ್ತು ಸರ್’ ಎಂದಷ್ಟೇ ಹೇಳಿ ಫೋನು ಇಟ್ಟಳು. ಇಟ್ಟು ತನ್ನ ಕೋಣೆಯ ಗಾಜಿನ ಆಚೆ ನೋಡಿದಳು. ಕ್ಯಾಶಿಯರ್ ಕಾಡಸಿದ್ದ ನೇಸರಿಯಿಂದ ಬಂದ ಅಜ್ಜನೊಬ್ಬನಿಗೆ ಹೊಸ ನೋಟುಗಳನ್ನು ಆರಿಸಿ ಕೊಡುತ್ತಿದ್ದ. ಮೊಮ್ಮಗಳ ಮದುವೆಯಲ್ಲಿ ಹಂಚಲು ಅಜ್ಜನಿಗೆ ಗರಿಗರಿ ನೋಟೇ ಬೇಕಿತ್ತು. ಅವನ ಹಿಂದೆ ನಿಂತವರು ಗೊಣಗಲಿಲ್ಲ, ನಾಳೆ ತಮಗೂ ಅಂಥದೇ ಕೆಲಸ ಬೀಳುತ್ತದೆಂದು ಅವರಿಗೆ ಗೊತ್ತಿತ್ತು.

ಅದು ಕೊಲ್ಹಾಪುರದ ಒಂದು ಸಹಕಾರಿ ಬ್ಯಾಂಕು. ಶಾಖೆಗಳು ಹೆಚ್ಚೇನಲ್ಲ. ಶೀತಲ ಈ ಶಾಖೆಗೆ ಕ್ಲಾರ್ಕ್ ಆಗಿ ಬಂದವಳು, ಇಲ್ಲೇ ಮ್ಯಾನೇಜರ್ ಆದವಳು. ಶಾಖೆ ಮುಚ್ಚಿದರೆ ಅವಳ ನೌಕರಿಗೇನೂ ಧಕ್ಕೆ ಇರಲಿಲ್ಲ, ಕೊಲ್ಹಾಪುರದಲ್ಲಿ ಅವಳಿಗೊಂದು ಮೇಜು ಸಿಗುತ್ತಿತ್ತು. ಆದರೆ ನೇಸರಿಯ ಅಜ್ಜ, ಹಲಕರ್ಣಿಯ ಹಾಲಿನ ಹೆಂಗಸರು, ಗಡಿಯ ಹಳ್ಳಿಗಳ ಕುರುಬರು ಎರಡು ಬಸ್ಸು ಬದಲಿಸಿ ಕೊಲ್ಹಾಪುರಕ್ಕೆ ಹೋಗುವರೇ? ಹೋಗುವುದಿಲ್ಲ. ದುಡ್ಡನ್ನು ಮತ್ತೆ ಹಿಟ್ಟಿನ ಡಬ್ಬಿಯಲ್ಲಿ ಇಡುತ್ತಾರೆ. ಇಷ್ಟು ವರ್ಷ ಒಬ್ಬೊಬ್ಬರನ್ನೇ ಮಾತಾಡಿಸಿ ಬ್ಯಾಂಕಿನ ಬಾಗಿಲು ದಾಟಿಸಿದ್ದು ಅವಳಿಗೆ ನೆನಪಿತ್ತು.

ತೀರ್ಮಾನಕ್ಕೆ ಮೊದಲು ಎಲ್ಲ ಶಾಖೆಗಳ ಕಾರ್ಯಕ್ಷಮತೆಯನ್ನು ಅಳೆಯಲು ಬ್ಯಾಂಕು ಒಬ್ಬ ಹುಡುಗಿಯನ್ನು ಗೊತ್ತುಮಾಡಿತ್ತು. ಹೆಸರು ರುತುಜಾ. ಕೊಲ್ಹಾಪುರದಲ್ಲಿ ಬ್ಯಾಂಕುಗಳ ದಕ್ಷತೆಯನ್ನು ಅಳೆಯುವುದರ ಬಗ್ಗೆಯೇ ಪಿಎಚ್‌ಡಿ ಮಾಡುತ್ತಿದ್ದಳು. ಏಪ್ರಿಲ್ ಬಿಸಿಲಲ್ಲಿ ಎಸ್‌ಟಿ ಬಸ್ಸಿನಿಂದ ಇಳಿದು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಅವಳು ಒಳಗೆ ಬಂದಾಗ ಶೀತಲಗೆ, ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಾಗ ಆಗುತ್ತದಲ್ಲ, ಅಂಥ ಸಂಕಟವಾಯಿತು. ಹುಡುಗಿಯ ಕೈಯಲ್ಲಿ ಸ್ಟಾಪ್‌ವಾಚು ಬೇರೆ ಇತ್ತು. ಒಬ್ಬ ಗಿರಾಕಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಲು ಕೌಂಟರಿನ ಪಕ್ಕ ನಿಂತಳು.

ಆಗ ಮುದುಕಿಯೊಬ್ಬಳು ನಡುಗುವ ಕೈಯಿಂದ ಸಹಿ ಮಾಡತೊಡಗಿದಳು. ಎರಡು ಸಲ ಪೆನ್ನು ಜಾರಿತು. ಆಕೆ ಗಾಬರಿಯಿಂದ ಸ್ಟಾಪ್‌ವಾಚಿನ ಕಡೆ ನೋಡಿದ್ದನ್ನು ಶೀತಲ ಕಂಡಳು. ರುತುಜಾ ಕೂಡ ಕಂಡಿರಬೇಕು. ಏನೂ ಆಗಿಲ್ಲವೆಂಬಂತೆ ಅದನ್ನು ಚೀಲದೊಳಗೆ ಹಾಕಿ, ಮುದುಕಿಯ ಕಾಗದ ಅಲುಗಾಡದಂತೆ ಅದರ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದಳು. ಸ್ಟಾಪ್‌ವಾಚು ಆ ದಿನ ಮತ್ತೆ ಹೊರಗೆ ಬರಲಿಲ್ಲ. ಶೀತಲಳ ಸಂಕಟ ಅರ್ಧ ಇಳಿದುಹೋಯಿತು.

ಮಧ್ಯಾಹ್ನ ಚಹಾ ಕುಡಿಯುವಾಗ ಮಾತು ಬಿಚ್ಚಿಕೊಂಡಿತು. ರುತುಜಾ ಜಯಸಿಂಗಪುರದವಳು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮೊದಲು ‘ಮ್ಯಾಡಮ್’ ಎನ್ನುತ್ತಿದ್ದವಳು ಎರಡನೇ ಕಪ್ಪಿಗೆ ಚಿಕ್ಕಮ್ಮನನ್ನು ಕರೆದಂತೆ ‘ಕಾಕೂ’ ಎನ್ನತೊಡಗಿದಳು. ನಾಲ್ಕು ಮಂದಿಯ ಸಣ್ಣ ಶಾಖೆಯನ್ನು ನಲವತ್ತು ಮಂದಿಯ ಮುಖ್ಯ ಶಾಖೆಯ ಜೊತೆ ಹೇಗೆ ತೂಗುತ್ತೀ, ಅದು ನ್ಯಾಯವೇ ಎಂದು ಶೀತಲ ಕೇಳಿಯೇಬಿಟ್ಟಳು.

“ಮೂರು ಮಂದಿ ಸೊಸೆಯಂದಿರು ಇರೋ ಮನಿ ಅನ್ಕೋರಿ ಕಾಕೂ,” ಎಂದಳು ರುತುಜಾ. “ಒಬ್ಬಾಕಿ ಭಕ್ರಿ ಚಲೋ ಬಡೀತಾಳ. ಒಬ್ಬಾಕಿ ಹೈನಾ ಚಲೋ ನೋಡ್ತಾಳ. ಇನ್ನೊಬ್ಬಾಕಿ ಬಂದ ಮಂದೀನ ಚಲೋ ಮಾತಾಡಸ್ತಾಳ. ಯಾರು ಶ್ಯಾಣ್ಯಾಕಿ ಅಂತ ಅತ್ತಿ ತನ್ನ ಮನಸಿಗೆ ಬಂದಂಗ ಹೇಳಿದ್ರ ಅದು ನ್ಯಾಯ ಅಲ್ಲ. ನನ್ನ ಲೆಕ್ಕ ಒಬ್ಬೊಬ್ಬಾಕಿನ್ನೂ ಕೇಳತೈತಿ, ನಿನ್ನ ಯಾವುದರಾಗ ತೂಗಲಿ, ನೀನ ಹೇಳು ಅಂತ. ಆಕಿಗೆ ಎಲ್ಲಾಕಿಂತ ಚಲೋ ಬರೋ ಹಂಗ ತೂಗತೈತಿ. ಹಂಗ ತೂಗಿದ ಮ್ಯಾಲೂ, ಅಷ್ಟ ಹಿಟ್ಟು, ಅಷ್ಟ ಕಟಿಗಿ ತಗೊಂಡು ಇನ್ನೊಬ್ಬಾಕಿ ಆಕಿನ್ನ ಮೀರಿಸಿದ್ರ, ಆವಾಗ ಅಷ್ಟ ಕಮ್ಮಿ ಅಂತ ಬರೀತೈತಿ.”

“ನಮ್ಮ ಅತ್ತೀಗೆ ಈ ಲೆಕ್ಕ ಬರಬೇಕಿತ್ತು ನೋಡು,” ಎಂದಳು ಶೀತಲ.

ಇಬ್ಬರೂ ನಕ್ಕರು. ಆದರೆ ಆ ಸಂಜೆ ಮನೆಗೆ ನಡೆಯುವಾಗ ಶೀತಲಳ ಮನಸ್ಸು ಅದನ್ನೇ ಮೆಲುಕು ಹಾಕುತ್ತಿತ್ತು. ಅಳತೆ ಎಂದರೆ ಕಡಿಮೆ ಎಲ್ಲಿದೆ ಎಂದು ಹುಡುಕುವ ಕಣ್ಣು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಪ್ರತಿಯೊಬ್ಬರ ಪರವಾಗಿ ಮೊದಲು ತಾನೇ ವಾದಿಸಿ, ಅವರಿಗೆ ಅತ್ಯಂತ ಒಳ್ಳೆಯದಾಗುವ ತಕ್ಕಡಿಯನ್ನು ಹುಡುಕಿ, ಆಮೇಲೆ ತೂಗುವ ಗಣಿತವೂ ಇದೆಯೇ? ಯಾರೋ ಎಲ್ಲೋ ಕುಳಿತು ಬೀಜಗಣಿತದ ಅಕ್ಷರಗಳಲ್ಲಿ ಇಷ್ಟು ದಯೆಯನ್ನು ಹೆಣೆದಿದ್ದಾರಲ್ಲ ಎಂದು ಅವಳು ದಾರಿಯಲ್ಲೇ ಒಂದು ಗಳಿಗೆ ನಿಂತಳು.

ವಾರದ ಕೊನೆಗೆ ಫಲಿತಾಂಶ ಬಂತು. ಇಚಲಕರಂಜಿ ಮೊದಲು. ಗಡಹಿಂಗ್ಲಜ ಎಲ್ಲಕ್ಕಿಂತ ಕೆಳಗೆ. ಅಷ್ಟು ಉದಾರವಾದ ತಕ್ಕಡಿಯಲ್ಲಿ ತೂಗಿದರೂ ಕೆಳಗೆ. ಆ ದಯಾಳುವಾದ ಲೆಕ್ಕಕ್ಕೂ ತಮ್ಮ ಪರವಾಗಿ ಹೇಳಲು ಏನೂ ಸಿಗಲಿಲ್ಲವೆಂದರೆ, ಇನ್ನು ಯಾರ ಹತ್ತಿರ ವಾದಿಸುವುದು? ಶೀತಲ ಕಾಡಸಿದ್ದನನ್ನು ಕರೆದು ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿ, “ಸಂತಿ ದಿನಾ ಕುಂದರಾಕ ಜಾಗಾ ಇರೂದಿಲ್ಲಲ್ರಿ ಮ್ಯಾಡಮ್, ಇಷ್ಟು ಮಂದಿ ಬಂದು ಏನ್ ಮಾಡಿ ಹೋಗ್ತಾರ ಹಂಗಾರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೌಂಟರಿಗೆ ಹಿಂತಿರುಗಿದ.

ಅದೇ ಪ್ರಶ್ನೆ ರುತುಜಾಳನ್ನೂ ಕಾಡಿತ್ತು. ತಾನು ಕಣ್ಣಾರೆ ನೋಡಿದ ಶಾಖೆಗೂ ಕಾಗದದ ಮೇಲಿನ ಶಾಖೆಗೂ ಹೊಂದಿಕೆ ಆಗುತ್ತಿರಲಿಲ್ಲ. ಅವಳು ಲೆಕ್ಕ ಹಾಕಿದ್ದು ವಾರ್ಷಿಕ ವರದಿಯ ಅಂಕಿಗಳಿಂದ, ಅಂದರೆ ಮಾರ್ಚ್ ಮೂವತ್ತೊಂದರಂದು ಯಾವ ಶಾಖೆಯಲ್ಲಿ ಎಷ್ಟು ಖಾತೆ, ಎಷ್ಟು ಠೇವಣಿ, ಎಷ್ಟು ಸಾಲ ಇತ್ತು ಎಂಬುದರಿಂದ. ಈಗ ಮುಖ್ಯ ಕಚೇರಿಯನ್ನು ಬೆನ್ನು ಹತ್ತಿ ತಿಂಗಳು ತಿಂಗಳಿನ ಅಂಕಿಗಳನ್ನು ತರಿಸಿಕೊಂಡಳು. ನೋಡಿದರೆ ವಿಚಿತ್ರ. ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಗಡಹಿಂಗ್ಲಜದ ಖಾತೆಗಳ ಒಂದು ದೊಡ್ಡ ಗುಂಪು ಕಾಣೆಯಾಗುತ್ತಿತ್ತು. ಜೂನಿನಲ್ಲಿ ಮತ್ತೆ ಹಾಜರು. ಕಂಪ್ಯೂಟರಿನ ತಪ್ಪು ಇರಬೇಕೆಂದು ಅವಳು ಮತ್ತೆ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಬಂದಳು.

ಶೀತಲಳ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಜಿಲ್ಲೆಯ ನಕಾಶೆ ಇತ್ತು. ಖಾತೆದಾರರ ಹೆಸರು ತನಗೆ ಕೊಟ್ಟಿಲ್ಲ, ಬೇಡವೂ ಬೇಡ ಎಂದಳು. ಕಾಣೆಯಾಗುವ ಆ ಖಾತೆಗಳವರು ಯಾವ ಊರಿನಲ್ಲಿ ದುಡ್ಡು ತೆಗೆದರು, ಯಾವ ಊರಿನಲ್ಲಿ ಕಟ್ಟಿದರು ಎಂಬುದನ್ನಷ್ಟೇ ಚುಕ್ಕಿಗಳಾಗಿ ಇಟ್ಟಿದ್ದಳು. ಒಂದು ಗುಂಡಿ ಒತ್ತಿದರೆ ಒಂದು ತಿಂಗಳು ಮುಂದೆ ಹೋಗುತ್ತಿತ್ತು.

ಮಳೆಗಾಲದಲ್ಲಿ ಚುಕ್ಕಿಗಳೆಲ್ಲ ಗಡಹಿಂಗ್ಲಜದ ಸುತ್ತ ಒತ್ತೊತ್ತಾಗಿ ಕುಳಿತಿದ್ದವು. ದೀಪಾವಳಿ ದಾಟಿತು, ಅವು ಕದಲಿದವು. ಉತ್ತರಕ್ಕೆ ಸಾಲು ಹಿಡಿದವು. ಮುಂದಿನ ತಿಂಗಳು ಅರ್ಧ ದಾರಿ. ಅದರ ಮುಂದಿನ ತಿಂಗಳು ಪಂಚಗಂಗಾ ನದಿಯ ದಂಡೆ. ಕಬ್ಬು ಕಡಿದು ಮುಗಿದಂತೆಲ್ಲ ಇಚಲಕರಂಜಿಯ ಸುತ್ತ ಹರಡಿಕೊಂಡವು, ಕೆಲವು ಜಯಸಿಂಗಪುರದವರೆಗೂ ಹೋದವು. ಮಾರ್ಚಿನಲ್ಲಿ ಗಡಹಿಂಗ್ಲಜದ ಕಡೆ ಒಂದೂ ಇರಲಿಲ್ಲ. ಮೇ ಬಂದಾಗ ಸಾಲು ದಕ್ಷಿಣಕ್ಕೆ ತಿರುಗಿತು. ಜೂನಿನಲ್ಲಿ ಮಿರಗದ ಮಳೆ ಬೀಳುವ ಹೊತ್ತಿಗೆ ಎಲ್ಲವೂ ಮನೆಗೆ ಬಂದಿದ್ದವು.

ಶೀತಲ ಪರದೆಯ ಕಡೆ ಇನ್ನಷ್ಟು ಬಾಗಿದಳು. ಇನ್ನೊಮ್ಮೆ ತೋರಿಸು ಎಂದು ಸನ್ನೆ ಮಾಡಿದಳು. ಚುಕ್ಕಿಗಳು ಮತ್ತೆ ನಡೆದವು. ಅವಳ ಕಿವಿಗೆ ಆ ಚುಕ್ಕಿಗಳ ಗೊರಸಿನ ಸಪ್ಪಳವೂ, ಹಿಂದಿನ ನಾಯಿಯ ಬೊಗಳೂ, ಕುದುರೆಯ ಮೇಲೆ ಕಟ್ಟಿದ ಪಾತ್ರೆಗಳ ಗಲಗಲವೂ ಕೇಳಿದಂತಾಯಿತು.

“ಇದು ತಪ್ಪಲ್ಲ ರುತುಜಾ,” ಎಂದಳು ಕೊನೆಗೆ. “ಇವು ನಮ್ಮ ಕುರಿ.”

ಆಮೇಲೆ ಬಿಡಿಸಿ ಹೇಳಿದಳು. ಗಡಿಯ ಹಳ್ಳಿಗಳ ಕುರುಬರು ದೀಪಾವಳಿ ಮುಗಿಸಿ ಮಂದೆ ಹೊಡೆದುಕೊಂಡು ಕಬ್ಬಿನ ನಾಡಿಗೆ ಹೋಗುತ್ತಾರೆ. ಕಬ್ಬು ಕಡಿದ ಹೊಲದಲ್ಲಿ ರಾತ್ರಿ ಕುರಿ ಕೂಡ್ರಿಸಿದರೆ ಹೊಲಕ್ಕೆ ಗೊಬ್ಬರ, ಕುರುಬನಿಗೆ ಹೊಲದವರಿಂದ ಹಣ. ಕೆಲವು ವರ್ಷಗಳ ಹಿಂದೆ ತಾರವ್ವ ಎಂಬ ಕುರುಬರ ಹೆಂಗಸು, ಗಂಡ ಗುಂಡುವನ್ನು ಇಚಲಕರಂಜಿಯ ಆಸ್ಪತ್ರೆಯಲ್ಲಿ ಮಲಗಿಸಿ, ಅಲ್ಲಿಯ ಶಾಖೆಗೆ ದುಡ್ಡು ತೆಗೆಯಲು ಹೋಗಿದ್ದಳು. ಬೇರೆ ಶಾಖೆಯ ಖಾತೆ, ಇಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ನಿಯಮ. ಆಕೆ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಬಂದು, ದುಡ್ಡು ತೆಗೆದುಕೊಂಡು, ನೀರೂ ಕುಡಿಯದೆ ಮರಳಿ ಓಡಿದ್ದಳು. ಅಂದು ಕಾಡಸಿದ್ದ ಹೇಳಿದ್ದ, ಇವರು ಕುರಿ, ನಾಯಿ, ಕೋಳಿ ಎಲ್ಲ ಕಟ್ಟಿಕೊಂಡು ಹೋಗುತ್ತಾರೆ, ಖಾತೆಯೊಂದನ್ನು ಇಲ್ಲೇ ಯಾಕೆ ಬಿಟ್ಟು ಹೋಗಬೇಕು ಎಂದು. ಅಂದಿನಿಂದ ಮಂದೆ ಹೊರಡುವಾಗ ಅವರ ಖಾತೆ, ಬಂಗಾರದ ಸಾಲ ಎಲ್ಲವನ್ನೂ ಇಚಲಕರಂಜಿ ಶಾಖೆಗೆ ವರ್ಗ ಮಾಡುವುದು, ಮಿರಗಕ್ಕೆ ಮರಳಿ ತರಿಸಿಕೊಳ್ಳುವುದು ಇಲ್ಲಿಯ ರೂಢಿಯಾಯಿತು. ಕುರುಬರು ಹೋಗುವ ಮೊದಲು ಅವರನ್ನು ಕೂಡಿಸಿ ಕಾರ್ಡು, ಗುಪ್ತ ಸಂಖ್ಯೆ ಎಲ್ಲ ತಿಳಿಸಿಹೇಳುವುದಕ್ಕೆ ಶಾಖೆಯವರಿಗೆ ಅರ್ಧ ತಿಂಗಳು ಹಿಡಿಯುತ್ತಿತ್ತು. ಅದನ್ನು ಕೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೇಳುತ್ತ ಹೇಳುತ್ತ ಶೀತಲಗೇ ಹೊಳೆಯಿತು. ಸುಗ್ಗಿಯ ರಾಶಿಯನ್ನು ತಾವೇ ಗಾಡಿ ಹೇರಿ ಬೇರೆಯವರ ಕಣಕ್ಕೆ ಕಳಿಸಿ, ತೂಕದ ದಿನ ಖಾಲಿ ಕಣದಲ್ಲಿ ನಿಂತಿದ್ದರು. ಅದೂ ವರ್ಷವರ್ಷವೂ.

ಮರುದಿನ ಇಬ್ಬರೂ ಇಚಲಕರಂಜಿಗೆ ಹೋದರು. ಆ ಊರಿನ ಮಗ್ಗಗಳ ಖಡಖಡ ಬ್ಯಾಂಕಿನ ಗೋಡೆಯೊಳಗೂ ನುಗ್ಗುತ್ತಿತ್ತು. ಮ್ಯಾನೇಜರ್ ವಿಶಾಲ ಶೀತಲಗಿಂತ ಚಿಕ್ಕವನು, ಚುರುಕಿನವನು. ಅವನ ಹಿಂದಿನ ಗೋಡೆಯ ಮೇಲೆ ಉತ್ತಮ ಶಾಖೆಗೆಂದು ಬಂದ ಬಹುಮಾನದ ಢಾಲುಗಳು ಸಾಲಾಗಿದ್ದವು. ಅವುಗಳ ಬಲದ ಮೇಲೆಯೇ ಅವನಿಗೆ ಈ ವರ್ಷ ಬಡ್ತಿ ಆಗುವುದಿತ್ತು. ರುತುಜಾ ನಕಾಶೆ ತೆರೆಯುವಷ್ಟರಲ್ಲಿ ಹೊರಗೆ ಒಂದು ದೊಡ್ಡ ದನಿ ಕೇಳಿತು. ತಾರವ್ವ ಬಂದಿದ್ದಳು, ಶೀತಲಳನ್ನು ಗಾಜಿನ ಒಳಗೆ ಕಂಡುಬಿಟ್ಟಿದ್ದಳು.

“ನೀ ಇಲ್ಲಿ ಯಾಕ ಕುಂತೀಯವಾ?” ಎನ್ನುತ್ತ ನೇರವಾಗಿ ಕೋಣೆಗೇ ಬಂದಳು. “ನಮ್ಮ ಖಾತೆ ಕಳಿಸಿದಂಗ ನಿನ್ನನ್ನೂ ವರ್ಗಾ ಮಾಡ್ಯಾರೇನು? ಹಂಗಾದ್ರ ಮಿರಗಕ್ಕ ಕರಕೊಂಡು ಹೋಗ್ತೇನಿ ಬಿಡು, ಕುರೀ ಸಂಗಾಟ.”

ವಿಶಾಲ ನಕ್ಕು, ತನ್ನ ಎದುರಿನ ಕುರ್ಚಿಯನ್ನೇ ಅವಳ ಕಡೆ ಸರಿಸಿ, ಫ್ಯಾನಿನ ಮೋರೆಯನ್ನು ಅತ್ತ ತಿರುಗಿಸಿದ. ಅವಳ ಗಂಡ ಗುಂಡುವಿನ ಕಾಲು ಈಗ ಹೇಗಿದೆ ಎಂದು ಮರಾಠಿಯಲ್ಲಿ ಕೇಳಿದ. ಆಕೆ ಕನ್ನಡದಲ್ಲಿ ಹೇಳಿದಳು. ಇಬ್ಬರಿಗೂ ಎಲ್ಲ ತಿಳಿಯಿತು. ಶೀತಲ ಇದನ್ನು ನೋಡುತ್ತ ಕುಳಿತಳು. ಕಳಿಸಿದ ಖಾತೆಗಳನ್ನು ಇವನು ಬರೀ ಅಂಕಿಗಳಾಗಿ ಇಟ್ಟುಕೊಂಡಿರಲಿಲ್ಲ ಎಂಬುದು ಅವಳಿಗೆ ಸಮಾಧಾನವೂ ಆಯಿತು, ಮುಂದಿನ ಮಾತನ್ನು ಕಷ್ಟವೂ ಮಾಡಿತು.

ತಾರವ್ವ ಹೋದ ಮೇಲೆ ವಿಶಾಲ ನಕಾಶೆ ನೋಡಿದ. ನೋಡಿ, ತಿರುಗಿ ಗೋಡೆಯ ಢಾಲುಗಳನ್ನು ನೋಡಿದ. ಇದನ್ನು ಸಭೆಯಲ್ಲಿ ತೋರಿಸಲೇಬೇಕೇ ಎಂದು ರುತುಜಾಳನ್ನು ಮೆಲ್ಲಗೆ ಕೇಳಿದ. ಕಂಡದ್ದನ್ನು ತೋರಿಸಬೇಕಾಗುತ್ತದೆ ಎಂದಳು ಅವಳು. ಅವನು, ಬಿಸಿಲಲ್ಲಿ ಬಂದಿದ್ದೀರಿ ಎಂದು ಕಬ್ಬಿನ ಹಾಲು ತರಿಸಿದ.

ಕೊಲ್ಹಾಪುರದ ಸಭೆಗೆ ಶೀತಲ ಬೆಳಗಿನ ಮೊದಲ ಬಸ್ಸಿಗೇ ಹೊರಟಳು. ಅಧ್ಯಕ್ಷರು ಗುರಣ್ಣನವರು, ಬೆಲ್ಲದ ದೊಡ್ಡ ವ್ಯಾಪಾರಿ. ಮಾತು ಕಡಿಮೆ, ಖಡಕ್ಕು ಜಾಸ್ತಿ. ರುತುಜಾ ಮೊದಲು ಮಾರ್ಚ್ ಮೂವತ್ತೊಂದರ ಫಲಿತಾಂಶ ಹೇಳಿದಳು. ಆಮೇಲೆ ಖಾತೆಗಳು ಹೋಗಿ ಬರುವ ವಿಷಯವನ್ನು ವಿವರಿಸಿದಳು. ಗುರಣ್ಣನವರು ಕೈ ಎತ್ತಿ ತಡೆದರು. ತಕ್ಕಡಿ ಎಲ್ಲರಿಗೂ ಒಂದೇ ಇರಬೇಕು, ಒಬ್ಬರ ಸಲುವಾಗಿ ತೂಕದ ದಿನ ಬದಲಿಸಲು ಆಗುವುದಿಲ್ಲ ಎಂದರು. ಆಮೇಲೆ ಶೀತಲಳ ಕಡೆ ತಿರುಗಿದರು.

“ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಬಾಯಾರ? ಖಾತೆ ಕಳಸೂದು ಬಿಡ್ರಿ. ಮಾರ್ಚ್ ಮುಗಿಯೂತನಕ ನಿಮ್ಮಲ್ಲೇ ಇಟ್ಕೋರಿ. ಒಂದು ವರ್ಷ ಟೈಮ್ ಕೊಡ್ತೇನಿ. ನಿಮ್ಮ ಶಾಖೆ ತಾನಾಗೇ ಮ್ಯಾಲೆ ಬರತೈತಿ.”

ಸಭೆಯಲ್ಲಿ ಹಲವರು ತಲೆಯಾಡಿಸಿದರು. ಎಷ್ಟು ಸುಲಭ. ಶೀತಲಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಹೂಂ ಅಂದರೆ ಮುಗಿಯಿತು, ಶಾಖೆ ಉಳಿಯಿತು. ಮಂದೆ ಹೊರಡುವಾಗ ಒಂದು ಕೆಲಸ ಮಾಡದೆ ಬಿಡುವುದು, ಅಷ್ಟೇ. ಆದರೂ ಅವಳು ಎದ್ದು ನಿಂತಳು.

“ಹಂಗ ಮಾಡಿದ್ರ ನಮ್ಮ ನಂಬರು ಮ್ಯಾಲೆ ಹೋಗತೈತ್ರಿ,” ಎಂದಳು. “ತಾರವ್ವ ಮಾತ್ರ ಮತ್ತ ದವಾಖಾನಿ ಬಿಟ್ಟು ಬಸ್ ಹತ್ತಬೇಕಾಗತೈತಿ. ಆಕಿ ಕೆಲಸ ಕೆಡಿಸಿ ನಮ್ಮ ಕೆಲಸ ಚಲೋ ಅಂತ ಬರಸ್ಕೊಳ್ಳೂದು ನನ್ನಿಂದ ಆಗೂದಿಲ್ರಿ. ನೀವು ಬೇಕಾದ್ರ ಮುಚ್ಚರಿ.”

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಕೊನೆಯ ಮಾತನ್ನು ಯಾಕಾದರೂ ಆಡಿದೆನೋ ಎಂದು ಕುಳಿತುಕೊಂಡಳು. ಕಾಡಸಿದ್ದನ ಮುಖ, ನೇಸರಿಯ ಅಜ್ಜನ ಮುಖ ಕಣ್ಣಮುಂದೆ ಬಂದವು. ಅವರನ್ನು ಕೇಳದೆ ಅವರ ಪಾಲನ್ನೂ ಪಣಕ್ಕೆ ಇಟ್ಟುಬಿಟ್ಟಿದ್ದಳು.

ಆಗ ಎರಡು ಸಾಲು ಹಿಂದಿನಿಂದ ವಿಶಾಲ ಎದ್ದ. ಅಧ್ಯಕ್ಷರಿಗೆ ಕೈ ಮುಗಿದು ಮರಾಠಿಯಲ್ಲಿ ಮಾತಾಡಿದ. ತನ್ನ ಶಾಖೆಯನ್ನು ಜೂನಿನಲ್ಲಿ ಒಮ್ಮೆ ಬಂದು ನೋಡಿ, ಮಂದೆ ಮರಳಿದ ಮೇಲೆ ತನ್ನದು ಅಷ್ಟೇನೂ ಎತ್ತರದ ಶಾಖೆಯಲ್ಲ ಎಂದ. ಆ ಖಾತೆಗಳು ತನ್ನ ಹತ್ತಿರ ಬರುವಾಗ ಕಾರ್ಡು, ಸಹಿ, ಫೋಟೊ ಎಲ್ಲ ಸಿದ್ಧವಾಗಿ ಬರುತ್ತವೆ, ತಾನು ಬಾಗಿಲು ತೆರೆಯುವುದಷ್ಟೇ ಎಂದ. ಆಮೇಲೆ ಕನ್ನಡಕ್ಕೆ ಹೊರಳಿದ.

“ಢಾಲು ಕೊಟ್ರಿ, ತಗೊಂಡೆ. ಅರ್ಧಾ ಅವರದ ಐತಿ ಅನ್ನೂದು ನನಗ ಗೊತ್ತಿರಲಿಲ್ರಿ. ಈಗ ಗೊತ್ತಾದ ಮ್ಯಾಲೆ ಗೋಡೆ ಮ್ಯಾಲೆ ಹೆಂಗ ಇಟ್ಕೊಳ್ಳಲಿ?”

ಬಡ್ತಿಯ ಮಾತನ್ನು ಅವನು ಎತ್ತಲಿಲ್ಲ. ಎತ್ತದಿದ್ದುದನ್ನು ಅಲ್ಲಿದ್ದವರೆಲ್ಲ ಗಮನಿಸಿದರು. ಗುರಣ್ಣನವರು, ಆ ನಕಾಶೆ ಏನೋ ಇದೆಯಂತಲ್ಲ, ತೋರಿಸು ಎಂದು ರುತುಜಾಳಿಗೆ ಹೇಳಿದರು.

ಅವಳು ಕಿಟಕಿಯ ಪರದೆ ಎಳೆದು, ನಕಾಶೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟಳು. ಚುಕ್ಕಿಗಳು ದೀಪಾವಳಿಗೆ ಕದಲಿದವು, ನಡೆದವು, ನದಿಯ ದಂಡೆಗೆ ಹರಡಿದವು, ಮತ್ತೆ ಕೂಡಿ ಸಾಲಾಗಿ ಮರಳಿದವು. ಒಂದು ವರ್ಷ ಮುಗಿದು ಮುಂದಿನ ವರ್ಷ ಬಂತು. ಅದೇ ದಾರಿ. ಅದರ ಮುಂದಿನ ವರ್ಷವೂ ಅದೇ ದಾರಿ. ಚಹಾದ ಕಪ್ಪುಗಳು ಮೇಜಿನ ಮೇಲೆ ತಣ್ಣಗಾದವು. ಶೀತಲ ಅದನ್ನು ಮೊದಲೇ ನೋಡಿದ್ದರೂ ಅಷ್ಟು ದೊಡ್ಡದಾಗಿ ನೋಡಿರಲಿಲ್ಲ. ತಾನು ಗಾಜಿನ ಸಣ್ಣ ಕೋಣೆಯಲ್ಲಿ ಕುಳಿತು ಒಂದೊಂದೇ ಖಾತೆಯನ್ನು ಕಳಿಸುತ್ತಿದ್ದಾಗ, ಇಡೀ ಜಿಲ್ಲೆಯೇ ಹೀಗೆ ಒಂದು ಉಸಿರು ಎಳೆದು ಬಿಡುತ್ತಿತ್ತೇ? ದುಡ್ಡು ಪೆಟ್ಟಿಗೆಯಲ್ಲಿ ಕುಳಿತಿರುವ ವಸ್ತು ಎಂದು ತಿಳಿದು ಬದುಕಿದ್ದ ಆ ಎಲ್ಲರ ಎದುರು ಅದು ಹುಲ್ಲು ಹುಡುಕುತ್ತ ನಡೆಯುತ್ತಿತ್ತು.

“ಆಷಾಢದಾಗ ಯಾರರ ನನ್ನ ಖಾಲಿ ಗೋದಾಮು ತೆರೆದು ನೋಡಿದ್ರ, ಗುರಣ್ಣ ದಿವಾಳಿ ಆಗ್ಯಾನ ಅಂತಾರ,” ಎಂದರು ಗುರಣ್ಣನವರು, ಯಾರಿಗೂ ಅಲ್ಲ ಎಂಬಂತೆ. “ಬೆಲ್ಲದ ಧಂದ್ಯಾದಾಗ ಇಷ್ಟು ವರ್ಷ ಕಳದು ಇದು ನನಗ ತಿಳೀಲಿಲ್ಲ ನೋಡ್ರಿ.”

ಹನ್ನೆರಡು ತಿಂಗಳ ಸರಾಸರಿ ಹಿಡಿದರೆ ಏನು ಬರುತ್ತದೆ ಎಂದು ಕೇಳಿದರು. ಹಾಗೆ ಹಿಡಿಯುವುದಾದರೆ ತಕ್ಕಡಿ ಎಲ್ಲರಿಗೂ ಒಂದೇ ಇದ್ದಂತಾಯಿತು, ಅಲ್ಲವೇ ಎಂದೂ ಅಂದರು. ರುತುಜಾ ಆ ಲೆಕ್ಕವನ್ನೂ ಮಾಡಿ ತಂದಿದ್ದಳು. ಗಡಹಿಂಗ್ಲಜ ಕೆಳಗಿನಿಂದ ಎದ್ದು ಮುಂದಿನ ಸಾಲಿಗೆ ಬರುತ್ತಿತ್ತು. ಇಚಲಕರಂಜಿ ಒಂದೆರಡು ಮೆಟ್ಟಿಲು ಇಳಿಯುತ್ತಿತ್ತು. ಈ ವರ್ಷದಿಂದ ಎಲ್ಲ ಶಾಖೆಗಳಿಗೂ ಇದೇ ಅಳತೆ ಎಂದು ಠರಾವು ಆಯಿತು. ಗಡಹಿಂಗ್ಲಜದ ಮಾತನ್ನು ಗುರಣ್ಣನವರು ಒಂದೇ ವಾಕ್ಯದಲ್ಲಿ ಮುಗಿಸಿ, ಮುಂದಿನ ವಿಷಯಕ್ಕೆ ಹೋದರು. ಶಾಖೆ ಇದ್ದಲ್ಲೇ ಇರುತ್ತದೆ.

ಹೊರಗಿನ ಮೆಟ್ಟಿಲ ಮೇಲೆ ವಿಶಾಲ ಸಿಕ್ಕ. ಶೀತಲ ಬಡ್ತಿಯ ವಿಷಯ ಕೇಳಲು ಹೋದಾಗ ಅವನು ಮಾತು ಮರೆಸಿ, ಮಂದೆ ಈ ಸಲ ಯಾವಾಗ ತಿರುಗುತ್ತದೆ, ಖಾತೆಗಳನ್ನು ಯಾವ ದಿನ ಮರಳಿ ಕಳಿಸಲಿ ಎಂದು ಕೇಳಿದ. ರುತುಜಾ ಅವರಿಬ್ಬರ ಚೀಲಗಳನ್ನೂ ಹಿಡಿದುಕೊಂಡು ನೆರಳಿನಲ್ಲಿ ಕಾಯುತ್ತಿದ್ದಳು.

ಶೀತಲ ಪಕ್ಕಕ್ಕೆ ಸರಿದು ಶಾಖೆಗೆ ಫೋನು ಹಚ್ಚಿದಳು. ಕಾಡಸಿದ್ದ ಎತ್ತಿದ. ಉಳೀತು ಕಾಡಸಿದ್ದ, ಎಲ್ಲೂ ಹೋಗೂದಿಲ್ಲ ನಾವು ಎಂದಳು. ಆಚೆ ಕಡೆ ಒಂದು ದೊಡ್ಡ ಉಸಿರು ಕೇಳಿತು. ಆಮೇಲೆ ಅವನು, “ಚಲೋ ಆತ್ರಿ ಮ್ಯಾಡಮ್. ಗಿರಾಕಿ ನಿಂತಾರ, ಆಮ್ಯಾಲೆ ಮಾತಾಡ್ತೇನಿ” ಎಂದು ಫೋನು ಇಟ್ಟ.

ಸರಿಯಾಗಿ ಇಟ್ಟಿರಲಿಲ್ಲ. ಲೈನು ಹಾಗೇ ತೆರೆದಿತ್ತು. ಶೀತಲ ಕತ್ತರಿಸಲು ಬೆರಳು ಒಯ್ದವಳು ತಡೆದು, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಠಸ್ಸೆಯ ಸದ್ದು ಕೇಳಿತು. ನೋಟು ಎಣಿಸುವ ಯಂತ್ರ ಗರ್ ಎಂದು ಓಡಿ ನಿಂತಿತು. ಯಾರೋ ಕೆಮ್ಮಿದರು. ಯಾವುದೋ ಹಳ್ಳಿಯ ಹೆಂಗಸು ಬಸ್ಸು ತಪ್ಪುತ್ತದೆಂದು ಅವಸರ ಮಾಡುತ್ತಿದ್ದಳು. ಕಾಡಸಿದ್ದ ಅವಳಿಗೆ ನಿಧಾನವಾಗಿ, ಇನ್ನೂ ಟೈಮ್ ಐತೆವ್ವಾ, ಕುಂದರು, ಸಹಿ ಸಾವಕಾಶ ಮಾಡು ಎಂದು ಹೇಳುತ್ತಿದ್ದ.